ಮುಟ್ಟಬ್ಯಾಡ, ಮಡೀಲೆ ಇದ್ದೀನಿ

ಸೀರೆಯ ಸೆರಗಿಗೂ ತೂಕವಿರುತ್ತದೆ ಎಂದು ನನಗೆ ಗೊತ್ತಾದದ್ದು ಐವತ್ನಾಲ್ಕನೇ ವಯಸ್ಸಿನಲ್ಲಿ. ಅದೂ ಮೆತ್ತನೆಯ ವಾಯಿಲ್ ಸೀರೆ. ಅದರ ಅಂಚು ಎಡ ಪಕ್ಕೆಗೆ ತಾಗಿದರೆ ಸಾಕು, ಯಾರೋ ಬಿಸಿ ಸೌಟು ತಂದು ಇಟ್ಟ ಹಾಗಾಗುತ್ತಿತ್ತು. ಫ್ಯಾನಿನ ಗಾಳಿ ತಾಗಿದರೂ ಅಷ್ಟೇ. ಹೊಸಪೇಟೆಯ ಬೇಸಿಗೆಯಲ್ಲಿ ಫ್ಯಾನ್ ಬೇಡ ಎನ್ನುವ ಹೆಂಗಸನ್ನು ಮನೆಯವರು ಹೇಗೆ ನೋಡುತ್ತಾರೆ ಎಂಬುದನ್ನು ಈ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ನನಗೆ ಬಂದದ್ದು ಸರ್ಪಸುತ್ತು. ಗುಳ್ಳೆಗಳು ಒಣಗಿ ತಿಂಗಳುಗಳು ಕಳೆದ ಮೇಲೂ ನರದ ನೋವು ಉಳಿದುಕೊಂಡಿತು. ಈಗ ಮಾತ್ರೆಯಿಲ್ಲದೆ, ಮನೆಯಲ್ಲೇ ಅದನ್ನು ಸಂಭಾಳಿಸಿಕೊಂಡು ಇದ್ದೇನೆ. ಇದನ್ನು ಬರೆದರೆ ಇದೇ ನೋವಿನಲ್ಲಿರುವ ಯಾರಿಗಾದರೂ ಒಂದಿಷ್ಟು ಸಮಾಧಾನವಾದೀತು ಎಂದುಕೊಂಡು ಕುಳಿತೆ. ಆದರೆ ಬರೆಯಲು ಹೋದರೆ ನೋವಿಗಿಂತ ನಾಚಿಕೆಯೇ ಮುಂದೆ ಬಂದು ನಿಲ್ಲುತ್ತಿದೆ. ಈ ರೋಗದಿಂದ ನಾನು ಇಪ್ಪತ್ತು ವರ್ಷ ಜೊತೆಗಿದ್ದ ಗೆಳತಿಯನ್ನು ಕಳೆದುಕೊಳ್ಳುವ ಹಂತಕ್ಕೆ ಹೋದೆ. ರೋಗದಿಂದ ಅನ್ನುವುದೂ ತಪ್ಪು, ನನ್ನ ಬಾಯಿಯಿಂದ.

ನಾನು ಪಾಪಿನಾಯಕನಹಳ್ಳಿ ಕಡೆಯ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಅದೇ ಶಾಲೆಯಲ್ಲಿ ಕನ್ನಡ ಕಲಿಸುವ ಹುಲಿಗೆಮ್ಮನೂ ನಾನೂ ಹೊಸಪೇಟೆಯಿಂದ ದಿನಾ ಒಂದೇ ಬಳ್ಳಾರಿ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ ಹೋಗಿಬರುವವರು. ಅವಳು ನನಗಿಂತ ಸ್ವಲ್ಪ ಚಿಕ್ಕವಳು, ನನ್ನನ್ನು ಸುಧಕ್ಕ ಎನ್ನುತ್ತಾಳೆ. ನಿದ್ದೆ ಬಂದರೆ ನನ್ನ ಹೆಗಲ ಮೇಲೆಯೇ ತಲೆಯಿಟ್ಟು ಮಲಗುತ್ತಾಳೆ, ಗೊರಕೆಯೂ ಹೊಡೆಯುತ್ತಾಳೆ. ಅವಳು ದಲಿತರ ಮನೆಯವಳು, ನಾವು ವೈಷ್ಣವ ಬ್ರಾಹ್ಮಣರು. ಇಷ್ಟು ವರ್ಷದಲ್ಲಿ ಈ ಮಾತನ್ನು ನಾವಿಬ್ಬರೂ ಒಮ್ಮೆಯೂ ಆಡಿರಲಿಲ್ಲ. ಅಂಥ ಮಾತು ನಮ್ಮ ನಡುವೆ ಇಲ್ಲವೇ ಇಲ್ಲ ಎಂದು ನಾನು ತಿಳಿದಿದ್ದೆ.

ಬೇಸಿಗೆ ರಜೆ ಶುರುವಾಗಿತ್ತು. ಹುಲಿಗೆಮ್ಮ ಕಂಪ್ಲಿಯ ತವರಿಗೆ ಹೋಗಿದ್ದಳು. ನನಗೆ ಎಡ ಎದೆಯ ಕೆಳಗೆ ಉರಿ ಎದ್ದಿತು. ಆಮೇಲೆ ಸಾಲಾಗಿ ಗುಳ್ಳೆಗಳು ಬೆನ್ನಿನವರೆಗೆ ಹರಿದವು. ಸೆಕೆ ಗುಳ್ಳೆ ಎಂದು ಪೌಡರ್ ಹಾಕಿದೆ. ಪಕ್ಕದ ಮನೆಯಾಕೆ ಬೆನ್ನು ನೋಡಿ, "ಇದು ಸರ್ಪಸುತ್ತು ರೀ. ತಲಿ-ಬಾಲ ಕೂಡಿದ್ರ ಮನಿಷಾ ಉಳಿಯೂದಿಲ್ಲ. ಜಲ್ದಿ ಮಂತ್ರ ಹಾಕಿಸ್ರಿ," ಎಂದಳು.

ಮೂಢನಂಬಿಕೆಯ ಬಗ್ಗೆ ಮಕ್ಕಳಿಗೆ ಪಾಠ ಮಾಡುವವಳು ನಾನು. ನಿಂಬೆಹಣ್ಣು ಕೊಯ್ದರೆ ರಕ್ತ ಬರುವ ಗುಟ್ಟನ್ನು ದಾಸವಾಳ ಉಜ್ಜಿದ ಚಾಕುವಿನಿಂದ ತೋರಿಸಿ ಚಪ್ಪಾಳೆ ಹೊಡೆಸಿಕೊಂಡವಳು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಅನ್ನುತ್ತಾರಲ್ಲ, ಹಾಗೆ ದರೋಜಿಯ ಆಚೆಗಿನ ಒಂದು ಹಳ್ಳಿಗೆ ಹೋಗಿ ಕೆಮ್ಮಣ್ಣು ಹಚ್ಚಿಸಿಕೊಂಡು ಬಂದೆ. ನಂಬಿಕೆಯಿಂದ ಹೋದೆನೇ? ಇಲ್ಲ. ಅಲ್ಲಿ ಮುದುಕ ಗೋಡೆಯ ಆಚೆ ಕುಳಿತು ಮಂತ್ರ ಹೇಳುತ್ತಾನೆ, ಮಣ್ಣು ಹಚ್ಚುವವಳು ಅವನ ಹೆಂಡತಿ. ಡಾಕ್ಟರ ಮುಂದೆ ಕುಪ್ಪಸ ಬಿಚ್ಚುವ ನಾಚಿಕೆ ತಪ್ಪುತ್ತದಲ್ಲ ಎಂದು ಹೋದೆ. ಮುದುಕಿ ಗುಳ್ಳೆಗಳ ಸುತ್ತ ಹಾವಿನ ಹಾಗೆ ಗೆರೆ ಎಳೆದು, "ಯಾವಾಗರ ಹಾವು ಹೊಡದೀರೇನವ್ವ?" ಎಂದು ಕೇಳಿದಳು. ನಾನು ಕುಳಿತು ನೆನಪು ಮಾಡಿಕೊಂಡೆ. ವಿಜ್ಞಾನದ ಟೀಚರು ಅಲ್ಲಿ ಕುಳಿತು, ತನ್ನ ಮನೆತನದಲ್ಲಿ ಯಾರು ಯಾವ ಹಾವು ಹೊಡೆದಿರಬಹುದು ಎಂದು ಲೆಕ್ಕ ಹಾಕಿದಳು.

ನೋವು ತಡೆಯಲಾಗದೆ ಹೋದಾಗ ನಮ್ಮ ಯಜಮಾನರು ಹೊಸಪೇಟೆಯಲ್ಲೇ ಒಬ್ಬ ಡಾಕ್ಟರಮ್ಮನ ಹತ್ತಿರ ಕರೆದೊಯ್ದರು. ಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲಿ 'ಚರ್ಮ ಮತ್ತು ಗುಪ್ತರೋಗ ತಜ್ಞರು' ಎಂದು ಬೋರ್ಡು. ಅದರ ಕೆಳಗಿನ ಬೆಂಚಿನಲ್ಲಿ ನಾವು ಗಂಡ-ಹೆಂಡತಿ ತಲೆ ತಗ್ಗಿಸಿ ಕುಳಿತೆವು. ಎದುರಿನ ಬೆಂಚಿನಲ್ಲಿ ನಮ್ಮ ಶಾಲೆಯ ಹುಡುಗನೊಬ್ಬನ ತಂದೆ ಕುಳಿತಿದ್ದ. ಎಲ್ಲಿ ಸಿಕ್ಕರೂ ಕೈ ಮುಗಿಯುವ ಮನುಷ್ಯ, ಅಂದು ನನ್ನನ್ನು ಕಂಡೇ ಇಲ್ಲವೆನ್ನುವಂತೆ ಹಳೆಯ ಪೇಪರಿನಲ್ಲಿ ಮುಖ ಮುಚ್ಚಿಕೊಂಡ. ಅದೇ ಪೇಪರಿನ ಇನ್ನೊಂದು ಹಾಳೆಯಲ್ಲಿ ನಾನೂ ಮುಚ್ಚಿಕೊಂಡೆ. ಅವನಿಗೆ ಬಂದದ್ದು ಬರೀ ಗಜಕರ್ಣವೇ ಇದ್ದಿರಬೇಕು, ಪಾಪ.

ಡಾಕ್ಟರಮ್ಮ ಬೆನ್ನು ನೋಡಿದವರೇ, "ಇದೇನ್ರಿ, ಅರ್ಧ ಸಂಡೂರು ಗುಡ್ಡಾನ ಮೈಮ್ಯಾಲೆ ಹೊತಗೊಂಡು ಬಂದೀರಿ," ಎಂದರು. ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರು. ಟೀಚರು ಎಂದೆ. ಯಾವ ವಿಷಯ ಎಂದು ಕೇಳಿದಾಗ ನಾನು ಸುಮ್ಮನಿದ್ದೆ. ಯಜಮಾನರು ಮೆಲ್ಲಗೆ "ವಿಜ್ಞಾನ" ಎಂದರು. ಡಾಕ್ಟರಮ್ಮ ನಗಲಿಲ್ಲ, ಅದೇ ಅವರ ದೊಡ್ಡತನ. ಹತ್ತಿಯಲ್ಲಿ ಮಣ್ಣನ್ನು ನೆನೆಸಿ ನೆನೆಸಿ ತೆಗೆದರು. "ಹಾವೂ ಇಲ್ಲ, ಶಾಪಾನೂ ಇಲ್ಲ. ಸಣ್ಣವರಿದ್ದಾಗ ಮೈಮ್ಯಾಲೆ ಅಮ್ಮ ಬಂದಿತ್ತಲ್ಲ, ಅದು ನರದೊಳಗ ಕೂತಿತ್ತು. ಈಗ ಎದ್ದದ. ಗುಳ್ಳಿ ಎದ್ದಕೂಡ್ಲೆ ಬಂದಿದ್ರ ಭಾಳ ಛಲೋ ಇತ್ತು," ಎಂದರು. ಆ ಕೊನೆಯ ಮಾತು ಈಗಲೂ ಚುಚ್ಚುತ್ತದೆ. ಇದನ್ನು ಓದುವವರಲ್ಲಿ ಯಾರಿಗಾದರೂ ಅಂಥ ಗುಳ್ಳೆ ಎದ್ದಿದ್ದರೆ, ದಯವಿಟ್ಟು ಈ ಬರಹ ಬಿಟ್ಟು ಈಗಲೇ ಡಾಕ್ಟರ ಹತ್ತಿರ ಹೋಗಿ.

ಗುಳ್ಳೆ ಹೋಯಿತು, ನೋವು ಹೋಗಲಿಲ್ಲ. ನರಕ್ಕೆಂದು ಕೊಟ್ಟ ಮಾತ್ರೆ ನುಂಗಿದರೆ ತೂಕಡಿಕೆ. ಶಾಲೆ ಶುರುವಾದ ಮೇಲೆ ಬೋರ್ಡಿನ ಮುಂದೆ ನಿಂತಲ್ಲೇ ವಾಲಿದೆ, ಮಕ್ಕಳು ನಕ್ಕವು. ಇನ್ನೊಂದು ದಿನ ಮೆಟ್ಟಿಲ ಮೇಲೆ ಬಿದ್ದೆ. ಬೇರೆ ಮಾತ್ರೆ ಕೊಟ್ಟರು, ಕಾಲು ಬಾತವು. ಕೊನೆಗೆ ಡಾಕ್ಟರಮ್ಮನೇ ಸ್ವಲ್ಪ ಸ್ವಲ್ಪವಾಗಿ ಮಾತ್ರೆ ಕಡಿಮೆ ಮಾಡಿಸಿ ನಿಲ್ಲಿಸಿದರು. ನಾನಾಗಿಯೇ ಬಿಟ್ಟದ್ದಲ್ಲ. ಮಾತ್ರೆ ಒಗ್ಗುವವರು ನನ್ನನ್ನು ನೋಡಿ ಬಿಡುವುದು ಬೇಡ.

ಆಮೇಲೆ ಉಳಿದದ್ದು ಮನೆಯ ಉಪಾಯಗಳು. ಈ ನೋವಿನ ಸ್ವಭಾವ ವಿಚಿತ್ರ. ಮೆಲ್ಲಗೆ ತಾಗಿದರೆ ಕಚ್ಚುತ್ತದೆ, ಗಟ್ಟಿಯಾಗಿ ಒತ್ತಿದರೆ ಸುಮ್ಮನಿರುತ್ತದೆ. ಅದಕ್ಕೆ ಹಳೆಯ ಸೀರೆ ಹರಿದು ಅಗಲದ ಪಟ್ಟಿ ಮಾಡಿ ಎದೆಯ ಸುತ್ತ ಬಿಗಿಯಾಗಿ ಸುತ್ತಿಕೊಂಡೆ. ಉರಿ ಹೆಚ್ಚಾದಾಗ ತಣ್ಣೀರಲ್ಲಿ ಹಿಂಡಿದ ಬಟ್ಟೆ. ಬೆಳಿಗ್ಗೆ ಕಾಲುವೆಯ ದಂಡೆಯ ಮೇಲೆ ಒಂದು ಸುತ್ತು ನಡಿಗೆ. ಡಾಕ್ಟರಮ್ಮ ಹೇಳಿಕೊಟ್ಟಂತೆ ನೋವಿನ ಜಾಗದ ಮೇಲೆ ಮೊದಲು ರೇಷ್ಮೆಯ ತುಂಡು, ವಾರಗಳ ಮೇಲೆ ತೆಳು ಹತ್ತಿಯ ಮಲ್ಲು ಬಟ್ಟೆ, ಆಮೇಲೆ ಟವೆಲ್ಲು ಹೀಗೆ ಆಡಿಸಿ ಆಡಿಸಿ ಚರ್ಮಕ್ಕೆ ಬುದ್ಧಿ ಹೇಳುವುದು. ಮೊದಮೊದಲು ರೇಷ್ಮೆಗೇ ಕಣ್ಣಲ್ಲಿ ನೀರು ಬರುತ್ತಿತ್ತು. ಪಾಠ ಮಾಡುವಾಗ ನೋವು ಅರ್ಧ ಮರೆಯುತ್ತಿತ್ತು, ಮನೆಗೆ ಬಂದರೆ ಪೂರ್ತಿ ನೆನಪಾಗುತ್ತಿತ್ತು. ಯಜಮಾನರು ಒಂದು ದಿನ ನನ್ನ ಕುಪ್ಪಸಗಳನ್ನೆಲ್ಲ ಒಳಗಿನದು ಹೊರಗೆ ಮಾಡಿ ಮಡಚಿಟ್ಟಿದ್ದರು. "ಹೊಲಿಗಿ ಹೊರಗಿರ್ಲಿ. ಮನ್ಯಾಗ ಯಾರು ನೋಡ್ತಾರ," ಎಂದರು. ಮದುವೆಯಾದಾಗಿನಿಂದ ಒಂದು ಲೋಟ ತೊಳೆಯದ ಮನುಷ್ಯ. ಅಂದು ನಾನು ಬಚ್ಚಲಿಗೆ ಹೋಗಿ ಅತ್ತೆ.

ಆದರೆ ಪಕ್ಕದ ಮನೆಯಾಕೆಯನ್ನು ಬಿಟ್ಟರೆ ಈ ರೋಗದ ಹೆಸರನ್ನು ನಾವಿಬ್ಬರೂ ಯಾರಿಗೂ ಹೇಳಲಿಲ್ಲ. ಸರ್ಪಸುತ್ತು ಎಂದರೆ ಕೇಳಿದವರು ಮೊದಲು ಹಾವಿನ ಕಥೆ ಕೇಳುತ್ತಾರೆ, ಆಮೇಲೆ ಎಲ್ಲಿ ಬಂದಿದೆ ಎಂದು ಕೇಳುತ್ತಾರೆ. ಎರಡೂ ನನಗೆ ಬೇಡವಾಗಿತ್ತು. ಹುಲಿಗೆಮ್ಮನಿಗೂ ಹೇಳಲಿಲ್ಲ. ಬಸ್ಸಿನಲ್ಲಿ ಅವಳು ಕುಳಿತುಕೊಳ್ಳುವುದು ನನ್ನ ಎಡಕ್ಕೆ. ನಾನು ನಡುವೆ ಬ್ಯಾಗ್ ಇಡತೊಡಗಿದೆ. "ಏನಕ್ಕ, ಬ್ಯಾಗಿಗೂ ಜೀರೋ ಟಿಕೆಟ್ ತಗಂಡಿ ಏನು?" ಎಂದು ನಕ್ಕಳು. ನಾನೂ ನಕ್ಕೆ.

ಶ್ರಾವಣಕ್ಕೆ ನಮ್ಮ ಅತ್ತೆ ಸಂಡೂರಿನ ಮೈದುನನ ಮನೆಯಿಂದ ಬಂದರು. ಅತ್ತೆಗೆ ಮಡಿ ಎಂದರೆ ಪ್ರಾಣ. ಸ್ನಾನ ಮಾಡಿ ಮಡಿ ಉಟ್ಟರೆ ಪೂಜೆ, ಅಡುಗೆ, ನೈವೇದ್ಯ ಮುಗಿಯುವ ತನಕ ಯಾರೂ ಮುಟ್ಟಬಾರದು. ಅವರ ಜೊತೆ ನಾನೂ ಮಡಿಯುಟ್ಟು ನಿಂತೆ. ಮೈಮೇಲೆ ಹಳೆಯ ಮೆತ್ತನೆಯ ರೇಷ್ಮೆ, ಹತ್ತಿರ ಯಾರೂ ಸುಳಿಯುವುದಿಲ್ಲ, ಯಾರ ಮೈಯೂ ತಾಗುವುದಿಲ್ಲ. ಇಡೀ ದಿನದಲ್ಲಿ ನನಗೆ ಸುಖವಾಗಿದ್ದ ಹೊತ್ತು ಅದೊಂದೇ. ಮಡಿಯೇ ನನಗೆ ಮದ್ದಾಯಿತು. ಮೆಲ್ಲಗೆ ನಾನು ಆ ಹೊತ್ತನ್ನು ಹಿಗ್ಗಿಸಿದೆ. ಮಧ್ಯಾಹ್ನಕ್ಕೆ ಬಿಡಬೇಕಾದ ಮಡಿಯನ್ನು ಸಂಜೆಯವರೆಗೆ ಎಳೆದೆ. ಅತ್ತೆ ಹಿಗ್ಗಿ ಹೀರೇಕಾಯಿಯಾದರು. ಫೋನಿನಲ್ಲಿ ಬೀಗರಿಗೆಲ್ಲ, "ನಮ್ಮ ಸುಧಾಗ ಈಗ ಭಾಳ ಭಕ್ತಿ ಬಂದದ," ಎಂದು ಹೇಳಿದರು. ನಾನು ಅದನ್ನು ಕೇಳಿಸಿಕೊಂಡೂ ತಿದ್ದಲಿಲ್ಲ.

ಆ ತಿಂಗಳು ನೋವು ಹೆಚ್ಚಾಗಿ ಶಾಲೆಗೆ ರಜೆ ಹಾಕಿದ್ದೆ. ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿಕೊಂಡು ಹುಲಿಗೆಮ್ಮ ನನ್ನನ್ನು ನೋಡಲು ಮನೆಗೆ ಬಂದಳು. ಕೈಯಲ್ಲಿ ಡಬ್ಬಿ, ಅದರಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಪಡಸಾಲೆಯಲ್ಲಿ ಅತ್ತೆ ಬತ್ತಿ ಹೊಸೆಯುತ್ತಾ ಕುಳಿತಿದ್ದರು. ಹುಲಿಗೆಮ್ಮ ಚಪ್ಪಲಿ ಬಿಟ್ಟವಳೇ ಸೀದಾ ನನ್ನ ಕಡೆ ಬಂದಳು. "ಯಾಕಕ್ಕ, ಇಷ್ಟು ಬಡಕಾಗೀಯಲ್ಲ," ಎಂದು ಬೆನ್ನಿನ ಮೇಲೆ ಕೈಯಿಡಲು ಬಂದಳು. ಸರಿಯಾಗಿ ಅದೇ ಜಾಗಕ್ಕೆ.

ನಾನು ಹಿಂದಕ್ಕೆ ಹಾರಿದೆ. "ಮುಟ್ಟಬ್ಯಾಡ, ಮಡೀಲೆ ಇದ್ದೀನಿ."

ಅವಳ ಕೈ ನಿಂತಿತು. ಮಧ್ಯಾಹ್ನ ಮೂರರ ಹೊತ್ತು. ಆ ಹೊತ್ತಿಗೆ ಯಾರೂ ಮಡಿಯಲ್ಲಿರುವುದಿಲ್ಲ ಎಂಬುದು ಇಪ್ಪತ್ತು ವರ್ಷ ನನ್ನ ಜೊತೆ ಇದ್ದ ಅವಳಿಗೆ ಗೊತ್ತಿತ್ತು. ಕುಳಿತಲ್ಲಿಂದಲೇ ಅತ್ತೆ ಸಂತೋಷದಿಂದ, "ಹೌದವಾ, ನಮ್ಮ ಸುಧಾ ಈಗ ಭಾಳ ಮಡಿ ಮಾಡ್ತಾಳ," ಎಂದರು. ಹುಲಿಗೆಮ್ಮ ಡಬ್ಬಿಯನ್ನು ನನ್ನ ಕೈಗೆ ಕೊಡಲಿಲ್ಲ. ನೆಲದ ಮೇಲೆ ಇಟ್ಟಳು. "ನಾ ಬರ್ತೀನ್ರಿ," ಎಂದು ಚಪ್ಪಲಿ ಮೆಟ್ಟಿಕೊಂಡು ಹೋದಳು.

ಹಿಂದೆಯೇ ಓಡಿಹೋಗಿ ಹೇಳಬಹುದಿತ್ತು. ಗೇಟಿನ ತನಕ ಹೋಗಲು ಎಷ್ಟು ಹೊತ್ತು? ಅತ್ತೆಯ ಕಿವಿಗೆ ಸರ್ಪಸುತ್ತು ಎಂಬ ಮಾತು ಬಿದ್ದರೆ ನಾಗದೋಷ, ಶಾಂತಿ, ಯಾರು ಹೊಡೆದರು, ಯಾವಾಗ ಹೊಡೆದರು ಎಂಬ ರಗಳೆ ಶುರುವಾಗುತ್ತದೆ ಎಂದು ಸುಮ್ಮನಾದೆ. ರಜೆ ಮುಗಿದು ಸೋಮವಾರ ಶಾಲೆಗೆ ಹೋಗುವುದಿತ್ತು, ಬಸ್ಸಿನಲ್ಲಿ ಹೇಳಿದರಾಯಿತು ಎಂದುಕೊಂಡೆ. ಸೋಮವಾರ ನಾನು ಬ್ಯಾಗ್ ಇಡುವ ಮೊದಲೇ ಅವಳು ತನ್ನ ಬ್ಯಾಗ್ ನಡುವೆ ಇಟ್ಟಳು. "ಆರಾಮಾತೇನ್ರಿ ಮೇಡಂ?" ಎಂದು ಕೇಳಿದಳು. ಅಕ್ಕ ಹೋಗಿ ಮೇಡಂ ಬಂದಿತ್ತು, ನೀ ಹೋಗಿ ನೀವು ಬಂದಿತ್ತು. ಆರಾಮು ಎಂದಷ್ಟೇ ಹೇಳಿದೆ. ಮರುವಾರ ಅವಳು ಹಿಂದಿನ ಸೀಟಿಗೆ ಹೋದಳು.

ಹೇಳದೇ ಉಳಿದ ಮಾತು ದಿನ ಕಳೆದ ಹಾಗೆ ದಪ್ಪವಾಗುತ್ತದೆ. ಹಬ್ಬ ಮುಗಿಯಲಿ, ಅತ್ತೆ ಹೊರಡಲಿ ಎಂದು ನೆಪ ಹುಡುಕಿದೆ. ನಿಜ ಹೇಳಬೇಕೆಂದರೆ ಸೀಟಿನ ಎಡಕ್ಕೆ ಯಾರೂ ಇಲ್ಲದ್ದು ನೋವಿಗೆ ಹಿತವೇ ಆಗಿತ್ತು. ಇದನ್ನು ಬರೆಯುವಾಗ ಕೈ ಹಿಂದೆ ಸರಿಯುತ್ತದೆ, ಆದರೂ ಅದು ನಿಜ.

ದಸರಾ ರಜೆಯ ಮೊದಲು ಒಂದು ದಿನ ತರಗತಿಯಲ್ಲಿ ಬೆಂಚುಗಳ ನಡುವೆ ನಡೆಯುತ್ತಿದ್ದೆ. ನಾನು ಬಂದ ಕೂಡಲೆ ಮಕ್ಕಳು ಆಚೆ ಈಚೆ ಸರಿಯುತ್ತಿದ್ದವು. ಕೆಲವು ವಾರಗಳಿಂದ ಹೀಗೇ ನಡೆದಿತ್ತು, ಹೆದರಿಕೆ ಇದೆ ಎಂದು ಒಳಗೊಳಗೇ ಖುಷಿಪಟ್ಟಿದ್ದೆ. ಆವತ್ತು ಒಂದು ಹುಡುಗಿ ಡಸ್ಟರ್ ಕೊಡಲು ಬಂದವಳು ನನ್ನ ಕೈಗೆ ಕೊಡದೆ ಮೇಜಿನ ಮೇಲಿಟ್ಟಳು. ಕೈಗೆ ಕೊಡು ಎಂದೆ. ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ಮುಂದಿನ ಬೆಂಚಿನ ಇನ್ನೊಬ್ಬಳು ಅವಳ ಪರವಾಗಿ ಹೇಳಿದಳು, "ಟೀಚರ್, ಆಕಿ ನಿಮ್ಮನ್ನ ಮುಟ್ಟಂಗಿಲ್ರಿ. ನೀವು ಮಡಿ ಮಾಡ್ತೀರಂತಲ್ರಿ."

ಆ ಮಾತು ಶಾಲೆಯ ಊರಿಗೆ ಹೇಗೆ ಹೋಯಿತೋ ನನಗೆ ಇಂದಿಗೂ ಗೊತ್ತಿಲ್ಲ. ಹುಲಿಗೆಮ್ಮನಂತೂ ಹೇಳುವವಳಲ್ಲ. ಡಸ್ಟರ್ ತಂದ ಹುಡುಗಿ ಯಾವ ಓಣಿಯಿಂದ ಬರುತ್ತಾಳೆ ಎಂಬುದು ನನಗೆ ಗೊತ್ತು. ಅವಳು ಅವಮಾನದಿಂದ ಹಾಗೆ ಮಾಡಿರಲಿಲ್ಲ. ಟೀಚರಿಗೆ ತೊಂದರೆಯಾಗಬಾರದೆಂದು ಮಾಡಿದ್ದಳು, ಅದೂ ಬಹಳ ಮರ್ಯಾದೆಯಿಂದ. ಒಬ್ಬ ಹೆಂಗಸು ತನ್ನ ರೋಗ ಮುಚ್ಚಿಕೊಳ್ಳಲು ಆಡಿದ ಒಂದು ಮಾತನ್ನು ಹನ್ನೊಂದು ವರ್ಷದ ಮಗು ತಲೆಬಾಗಿ ಪಾಲಿಸುತ್ತಿತ್ತು. ಅಂದು ಉಳಿದ ಪಾಠ ಮಾಡಲು ನನ್ನಿಂದ ಆಗಲಿಲ್ಲ. ಮಕ್ಕಳ ಮುಂದೆ ನಿಂತು, ನನಗೆ ಮಡಿಯೂ ಇಲ್ಲ ಮಣ್ಣೂ ಇಲ್ಲ, ನರದ ರೋಗ ಬಂದಿದೆ, ಅದರ ಹೆಸರು ಸರ್ಪಸುತ್ತು, ಹೇಳಲು ನಾಚಿ ಸುಳ್ಳು ಹೇಳಿದ್ದೆ ಎಂದೆ. ಮಕ್ಕಳಿಗೆ ಎಷ್ಟು ತಿಳಿಯಿತೋ. ಒಬ್ಬ ಹುಡುಗ ಎದ್ದು, "ಹಾವು ಕಡಿತೇನ್ರಿ ಟೀಚರ್?" ಎಂದು ಕೇಳಿದ.

ಮನೆಗೆ ಬಂದು ಅತ್ತೆಗೆ ಹೇಳಿದೆ. ನಾನು ಅಂಜಿದ್ದ ಹಾವಿನ ಮಾತೇ ಬರಲಿಲ್ಲ. ಅವರು, "ಹಂಗಾರ ಆ ಮಡಿ ಎಲ್ಲಾ ಸುಳ್ಳೇನ?" ಎಂದರು. ಹೌದು ಎಂದೆ. "ದೇವರ ಮುಂದ ನಿಂತು ಸುಳ್ಳು ಮಡಿ ಮಾಡಿದಿ," ಎಂದು ಎದ್ದು ಹೋದರು. ಎಷ್ಟೋ ದಿನ ನನ್ನೊಡನೆ ಮಾತಾಡಲಿಲ್ಲ. ಅವರ ಲೆಕ್ಕದಲ್ಲಿಯೂ ನಾನೇ ತಪ್ಪಿತಸ್ಥೆ.

ರಜೆಯ ಮೊದಲ ಭಾನುವಾರ ಚಿತ್ತವಾಡ್ಗಿಯಲ್ಲಿರುವ ಹುಲಿಗೆಮ್ಮನ ಮನೆಗೆ ಹೋದೆ. ಹೋಗುವಾಗ ನನ್ನೊಳಗೆ ಸ್ವಲ್ಪ ಹೆಮ್ಮೆಯೂ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ. ಮಕ್ಕಳಿಗೆ ಹೇಳಿದ್ದೆ, ಅತ್ತೆಗೆ ಹೇಳಿದ್ದೆ, ಇನ್ನು ಇವಳೊಬ್ಬಳು ಕ್ಷಮಿಸಿದರೆ ಮುಗಿಯಿತು ಎಂಬ ಲೆಕ್ಕ. ಅವಳ ಓಣಿಗೆ ಬಂದಾಗ ಮನೆ ಯಾವುದೆಂದು ತಿಳಿಯದೆ ಒಬ್ಬರನ್ನು ಕೇಳಬೇಕಾಯಿತು. ಇಪ್ಪತ್ತು ವರ್ಷದಲ್ಲಿ ನಾನು ಆ ಮನೆಗೆ ಬಂದದ್ದು ಗೃಹಪ್ರವೇಶಕ್ಕೆ ಒಮ್ಮೆ. ಅಂದು ಏಕಾದಶಿ ಎಂದು ಹೇಳಿ ಬಾಳೆಹಣ್ಣು ತಿಂದು ಎದ್ದಿದ್ದೆ. ಅಂದು ಏಕಾದಶಿ ಆಗಿತ್ತೋ ಇಲ್ಲವೋ ಎಂದು ಅವಳ ಬಾಗಿಲಲ್ಲಿ ನಿಂತು ನೆನಪು ಮಾಡಿಕೊಂಡೆ, ನೆನಪಾಗಲಿಲ್ಲ.

"ಬರ್ರಿ ಮೇಡಂ, ಕುಂದ್ರಿ," ಎಂದಳು. ಕುಳಿತು ಎಲ್ಲ ಹೇಳಿದೆ. ಬೋರ್ಡಿನ ಕೆಳಗೆ ಕುಳಿತದ್ದು, ಕೆಮ್ಮಣ್ಣು ಹಚ್ಚಿಸಿಕೊಂಡದ್ದು, ಮಾತ್ರೆ ಬಿಟ್ಟದ್ದು, ಪಟ್ಟಿ ಸುತ್ತಿಕೊಂಡದ್ದು. ಮುಟ್ಟಿದರೆ ಉರಿಯುತ್ತದೆ ಎನ್ನುವುದಕ್ಕೆ ಮಡಿ ಎಂದು ಸುಳ್ಳು ಬಾಯಿಗೆ ಬಂತು, ಜಾತಿ ನನ್ನ ಮನಸ್ಸಿನಲ್ಲಿ ಇರಲೇ ಇಲ್ಲ ಎಂದೆ.

ಅವಳು ಸೊಪ್ಪು ಬಿಡಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಸುಳ್ಳು ಅಂದ್ರಿ, ನಂಬ್ತೀನಿ. ಆದ್ರ ಅದ ಸುಳ್ಳು ಅಷ್ಟು ಜಲ್ದಿ ಹೆಂಗ ಬಾಯಿಗೆ ಬಂತ್ರಿ? ಬೆನ್ನು ನೋವು ಅನ್ನಬೋದಿತ್ತು. ಕುರು ಆಗೇತಿ ಅನ್ನಬೋದಿತ್ತು."

ನೆಲಕ್ಕೆ ಬಿದ್ದಿದ್ದ ಒಂದು ಎಲೆಯನ್ನು ಎತ್ತಿ ನಾನು ಅವಳ ಸೊಪ್ಪಿನ ರಾಶಿಗೆ ಹಾಕಿದೆ.

"ಸರ್ಪಸುತ್ತು ಅನ್ನಾಕ ನಾಚಿಕಿ ಬಂತು ನಿಮಗ," ಎಂದಳು. "ನನಗ ಮಡಿ ಅನ್ನಾಕ ನಾಚಿಕಿ ಬರಲಿಲ್ಲ."

ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬಯ್ಯಲಿಲ್ಲ, ದನಿ ಏರಿಸಲೂ ಇಲ್ಲ. ಬಿಡಿಸಿದ ಸೊಪ್ಪನ್ನು ಪಕ್ಕಕ್ಕಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಹತ್ತಿರ ಬಂದು ಕುಳಿತಳು. ಎಲ್ಲಿ ನೋವು ಎಂದು ಕೇಳಿದಳು. ನಾನು ತಿರುಗಿ ಕುಳಿತು ಬೆನ್ನು ತೋರಿಸಿದೆ. ಮೆಲ್ಲಗೆ ತಾಗಿದರೆ ಉರಿ, ಅಂಗೈ ಪೂರ್ತಿ ಇಟ್ಟು ಒತ್ತಿದರೆ ತಡೆಯಬಹುದು ಎಂದೆ.

ಅವಳು ಕೂಡಲೇ ಕೈ ತರಲಿಲ್ಲ. "ಮುಟ್ಲೇನ್ರಿ?" ಎಂದು ಕೇಳಿದಳು.

ಹಾಗೆ ಕೇಳಬೇಡ, ನನಗೆ ಹಿಂಸೆಯಾಗುತ್ತದೆ ಎಂದೆ.

"ಇರ್ಲಿ ಬಿಡ್ರಿ," ಎಂದಳು. "ಕೇಳಿ ಮುಟ್ಟೋದು ನಮ್ಮ ಮಂದಿಗೆ ಹೊಸಾದಲ್ಲ."

ನಾನು ಹೂಂ ಎಂದೆ. ತಿರುಗಿ ಅವಳ ಮುಖ ನೋಡಲು ನನ್ನಿಂದ ಆಗಲಿಲ್ಲ.